ಹೂತುಹೋದ ಕಂದಕಕ್ಕೆ ಬೆಳೆಯೇ ಗುರುತು

ಇವತ್ತು ನಿಮ್ಮ ಕೈಯಲ್ಲಿರೋ ಫೋನ್ ಇಟ್ಕೊಂಡೇ ಕಳೆದುಹೋದ ಕೋಟೆ ಹುಡುಕೋದು ಹೇಗೆ ಅಂತ ನೋಡೋಣ.

ವಿಜಯನಗರ ಜಿಲ್ಲೆ ಅಂದ್ರೆ ಎಲ್ಲರ ಬಾಯಲ್ಲೂ ಹಂಪಿ. ಆದರೆ ಹೊಸಪೇಟೆ ಬಿಟ್ಟರೆ ಇನ್ನೂ ಐದು ತಾಲ್ಲೂಕುಗಳಿವೆ: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಇಲ್ಲಿ ಕೋಟೆ ಎಲ್ಲಿದೆ ಅಂತ ಕೇಳಿದ್ರೆ ಉಚ್ಚಂಗಿದುರ್ಗ ಅಂತಾರೆ, ಗುಡೇಕೋಟೆ ಅಂತಾರೆ. ಎರಡೂ ಗುಡ್ಡದ ಮೇಲಿನ ಕಲ್ಲಿನ ಕೋಟೆಗಳು. ಕಲ್ಲು ಉಳೀತು, ಹೆಸರೂ ಉಳೀತು.

ಹಾಗಾದ್ರೆ ಬಯಲಲ್ಲಿದ್ದ ಊರುಗಳು? ಅವಕ್ಕೆ ಕಾವಲು ಮಣ್ಣಿನ ಗೋಡೆ. ಗೋಡೆಗೆ ಬೇಕಾದ ಮಣ್ಣನ್ನು ಸುತ್ತಲೂ ಅಗೆದು ತೆಗೆದರೆ, ಅಗೆದ ಜಾಗವೇ ಕಂದಕ. ಒಂದೇ ಅಗೆತಕ್ಕೆ ಎರಡು ಕೆಲಸ. ಊರು ಹಾಳುಬಿದ್ದ ಮೇಲೆ ಗೋಡೆ ಮಳೆಗೆ ಕರಗಿತು, ಕಂದಕ ಹೂಳಿನಿಂದ ತುಂಬಿತು, ಮೇಲೆ ನೇಗಿಲು ಓಡಿತು. ಈಗ ಬದುವಿನ ಮೇಲೆ ನಿಂತು ನೋಡಿದ್ರೆ ಬರೀ ಜೋಳದ ಹೊಲ.

ಆದರೆ ನೆಲ ಅಷ್ಟು ಸುಲಭಕ್ಕೆ ಮರೆಯಲ್ಲ. ಕಂದಕ ತುಂಬಿದ ಹೂಳು ನುಣುಪು, ಆಳ ಜಾಸ್ತಿ, ತೇವ ಹಿಡಿದಿಟ್ಟುಕೊಳ್ಳುತ್ತೆ. ಮಳೆ ಕೈಕೊಟ್ಟಾಗ ಸುತ್ತಲಿನ ಬೆಳೆ ಬಾಡಿದರೂ ಕಂದಕದ ಮೇಲಿನ ಬೆಳೆ ಇನ್ನೊಂದಷ್ಟು ದಿನ ಹಸಿರಾಗಿರುತ್ತೆ. ಗೋಡೆಯ ಕಲ್ಲು ಅಡಿಪಾಯ ಇದ್ದ ಕಡೆ ಉಲ್ಟಾ: ಬೇರಿಗೆ ಮಣ್ಣು ಸಾಲದೆ ಬೆಳೆ ಬೇಗ ಹಳದಿಯಾಗುತ್ತೆ. ಹೊಲದೊಳಗೆ ನಿಂತವನಿಗೆ ಇದು ಗೊತ್ತೇ ಆಗಲ್ಲ. ಮೇಲಿಂದ ನೋಡಿದ್ರೆ ಉಂಗುರ ಬಿಡಿಸಿದ ಹಾಗೆ ಕಾಣುತ್ತೆ.

2018ರ ಬೇಸಿಗೆಯಲ್ಲಿ ಐರ್ಲೆಂಡಿನಲ್ಲಿ ಬರ ಬಿತ್ತು. ನ್ಯೂಗ್ರೇಂಜ್ ಹತ್ತಿರ ಇಬ್ಬರು ಹವ್ಯಾಸಿಗಳು ಡ್ರೋನ್ ಹಾರಿಸಿದ್ರು. ಒಣಗಿದ ಹೊಲದಲ್ಲಿ ಸಾವಿರಾರು ವರ್ಷ ಹಳೆಯ ದೊಡ್ಡ ವೃತ್ತಾಕಾರದ ನೆಲೆ ಮೂಡಿ ಬಂತು. ರೈತನಿಗೆ ಕಷ್ಟದ ವರ್ಷ, ಹುಡುಕೋರಿಗೆ ಕಣ್ಣು ತೆರೆಸಿದ ವರ್ಷ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಎಂ.ಬಿ. ರಜನಿ ಮತ್ತು ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಸೇರಿ, ದಕ್ಷಿಣ ಭಾರತದ ಮಧ್ಯಕಾಲೀನ ಊರುಗಳ ಸುತ್ತಲಿನ ಕಂದಕಗಳನ್ನು ಉಪಗ್ರಹ ಚಿತ್ರಗಳಲ್ಲಿ ಪತ್ತೆ ಮಾಡೋದರ ಬಗ್ಗೆ 2014ರಲ್ಲಿ ಪ್ರಬಂಧ ಪ್ರಕಟಿಸಿದ್ರು. ಇದರ ಗುಟ್ಟು ಇನ್‌ಫ್ರಾರೆಡ್. ಆರೋಗ್ಯವಾಗಿರೋ ಎಲೆ ನಮ್ಮ ಕಣ್ಣಿಗೆ ಕಾಣದ ಈ ಬೆಳಕನ್ನು ಜೋರಾಗಿ ಪ್ರತಿಫಲಿಸುತ್ತೆ. ನಮಗೆ ಒಂದೇ ಹಸಿರು, ಉಪಗ್ರಹಕ್ಕೆ ಎರಡು.

ಈಗ ನಿಮ್ಮ ಸರದಿ. ಗೂಗಲ್ ಅರ್ಥ್ ತೆಗೀರಿ, ನಿಮ್ಮೂರಿನ ಹಳೇ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ. ಮಳೆಗಾಲ ಮುಗಿದು ನೆಲ ಒಣಗೋ ತಿಂಗಳುಗಳು ಒಳ್ಳೇವು. ಸೆಂಟಿನೆಲ್-2 ಉಪಗ್ರಹದ ಇನ್‌ಫ್ರಾರೆಡ್ ಚಿತ್ರಗಳೂ ಉಚಿತ. ಆದರೆ ಅದರ ಒಂದು ಚುಕ್ಕಿ ಅಂದ್ರೆ ನೆಲದ ಮೇಲೆ 10 ಮೀಟರ್, ಸಣ್ಣ ಕಂದಕ ತಪ್ಪಿಸಿಕೊಳ್ಳಬಹುದು. ಏನು ಹುಡುಕಬೇಕು? ಒಂದೇ ಅಗಲದಲ್ಲಿ ಸುತ್ತುವರಿದ ಪಟ್ಟಿ. ಹೊಲದ ಬದುಗಳು ಕಾರಣವೇ ಇಲ್ಲದೆ ಬಾಗಿರೋ ಜಾಗ. ಅಗಸೆ ಬಾಗಿಲು ಇದ್ದಿರಬಹುದಾದ ತೆರಪು.

ಉಂಗುರ ಕಂಡ ತಕ್ಷಣ ‘ಕೋಟೆ ಸಿಕ್ತು’ ಅಂತ ಸ್ಟೇಟಸ್ ಹಾಕಬೇಡಿ. ಅದು ಹಳೇ ಕೆರೆ ಏರಿ ಇರಬಹುದು, ಹರಿವು ಬದಲಿಸಿದ ಹಳ್ಳ ಇರಬಹುದು. ಮೇಲಿಂದ ಕಂಡಿದ್ದು ಸುಳಿವು ಮಾತ್ರ, ಸಾಕ್ಷಿ ಕೆಳಗೆ ಸಿಗಬೇಕು. ಹೊಲದ ಯಜಮಾನರನ್ನು ಕೇಳಿ ಹೋಗಿ. ಬೂದಿ ಬಣ್ಣದ ಮಣ್ಣು ಇದೆಯಾ, ಮಡಕೆ ಚೂರು, ವೀರಗಲ್ಲು ಇದೆಯಾ ನೋಡಿ. ಕಂದಾಯ ದಾಖಲೆಯಲ್ಲಿ ಆ ಜಾಗ ಬೇಚಿರಾಕ್ ಗ್ರಾಮವಾ ಅಂತ ವಿಚಾರಿಸಿ. ಊರ ಹಿರಿಯರು ಆ ಹೊಲಕ್ಕೆ ‘ಹಾಳೂರು’, ‘ಕೋಟೆ ಹೊಲ’ ಅಂತ ಹೆಸರಿಟ್ಟಿದ್ರೆ ಕಿವಿಗೊಡಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಅಗೆಯಬೇಡಿ. ನಿಧಿ ಆಸೆಗೆ ಗುಂಡಿ ತೋಡಿದ್ರೆ ಪದರಗಳು ಕಲಸಿಹೋಗುತ್ತವೆ, ಆಮೇಲೆ ಯಾವ ತಜ್ಞರು ಬಂದರೂ ಓದೋಕೆ ಆಗಲ್ಲ. ನಿಧಿ ಕಾಯ್ದೆ ಪ್ರಕಾರ ಸಿಕ್ಕಿದ್ದನ್ನು ಮುಚ್ಚಿಟ್ಟುಕೊಳ್ಳೋದು ಅಪರಾಧ ಕೂಡ. ಲೊಕೇಶನ್ ಗುರುತು ಹಾಕಿ, ಫೋಟೊ ತೆಗೆದು, ಪುರಾತತ್ವ ಇಲಾಖೆಗೋ ನಮ್ಮದೇ ಜಿಲ್ಲೆಯ ಕನ್ನಡ ವಿಶ್ವವಿದ್ಯಾಲಯಕ್ಕೋ ಬರೀರಿ.

ಆತುರ ಯಾಕೆ ಅಂದ್ರೆ, ಎತ್ತಿನ ನೇಗಿಲು ನೂರಾರು ವರ್ಷ ಉತ್ತರೂ ಕಂದಕದ ತಳ ಉಳಿದಿತ್ತು. ಜೆಸಿಬಿ ಒಂದೇ ದಿನದಲ್ಲಿ ಅದನ್ನೂ ಕೆರೆದು ಹಾಕುತ್ತೆ. ಲೇಔಟ್ ಆದ ಮೇಲೆ ಎಂಥಾ ಬರ ಬಂದರೂ ಆ ಉಂಗುರ ಮತ್ತೆ ಮೂಡಲ್ಲ. ಹೊಲ ಹೊಲವಾಗಿ ಇರುವಾಗಲೇ ನಿಮ್ಮೂರನ್ನು ಒಂದ್ಸಲ ಮೇಲಿಂದ ನೋಡಿ.