‘ಟ್ಯಾಂಕ್’ ಎಂಬ ಶಬ್ದ



ಮನೆಯ ಮಾಳಿಗೆಯ ಮೇಲೆ ನೀರಿನ ಟ್ಯಾಂಕಿದೆ. ಮೋಟಾರು ಗಾಡಿಯಲ್ಲಿ ಪೆಟ್ರೋಲಿನ ಟ್ಯಾಂಕಿದೆ. ರಣರಂಗದಲ್ಲಿ ಉಕ್ಕಿನ ಕವಚ ತೊಟ್ಟು ತೆವಳುವ ಟ್ಯಾಂಕಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೂ ಇಂಗ್ಲಿಷ್ ಬರೆಹಗಳಲ್ಲಿ ಟ್ಯಾಂಕೇ. ಒಂದೇ ಶಬ್ದವು ಇಷ್ಟು ವೇಷಗಳನ್ನು ಧರಿಸಿದುದು ಹೇಗೆ?

ಈ ಶಬ್ದ ಇಂಗ್ಲೆಂಡಿನಲ್ಲಿ ಹುಟ್ಟಿದುದಲ್ಲ. ನೆಲವನ್ನು ತೋಡಿ ಕಟ್ಟಿದ ನೀರಿನ ತೊಟ್ಟಿಗೆ ಮರಾಠಿಯಲ್ಲಿ ‘ಟಾಂಕೆ’ ಎಂಬ ಹೆಸರುಂಟು. ಗುಜರಾತಿಯಲ್ಲಿಯೂ ಅದರ ಸೋದರಪದವುಂಟು. ಪೋರ್ತುಗೀಸರಲ್ಲಿಯೂ ಕೊಳಕ್ಕೆ ಇದನ್ನೇ ಹೋಲುವ ಮಾತಿದೆ. ಅದರ ಮೂಲದಲ್ಲಿರುವುದು ಹರಿವನ್ನು ತಡೆದು ನಿಲ್ಲಿಸುವುದೆಂಬ ಅರ್ಥ. ಪಶ್ಚಿಮದ ಕರಾವಳಿಯಲ್ಲಿ ಇವು ಒಂದನ್ನೊಂದು ಸಂಧಿಸಿದುವು. ಇವುಗಳಲ್ಲಿ ತಾಯಿ ಯಾರು, ದಾದಿ ಯಾರು ಎಂಬ ವಿಷಯದಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. 17ನೆಯ ಶತಮಾನದ ಆದಿಯಲ್ಲಿ ಈ ದೇಶಕ್ಕೆ ಬಂದ ಇಂಗ್ಲಿಷರು ಆ ಮಾತನ್ನು ಎತ್ತಿಕೊಂಡರು. ಅವರ ಬಾಯಲ್ಲಿ ಅದು ಕ್ರಮೇಣ ನೀರನ್ನಾಗಲಿ ಎಣ್ಣೆಯನ್ನಾಗಲಿ ತುಂಬಿಡುವ ಪಾತ್ರೆಯ ಹೆಸರಾಯಿತು. 1915ರಲ್ಲಿ ಲಿಂಕನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ ಹೊಸ ಯುದ್ಧಯಂತ್ರವು ಸಿದ್ಧವಾಗುತ್ತಿದ್ದಾಗ, ಶತ್ರುವಿಗೆ ಸುಳಿವು ದೊರೆಯದಿರಲೆಂದು ಅದಕ್ಕೆ ನೀರಿನ ತೊಟ್ಟಿಯ ಹೆಸರನ್ನೇ ಇಟ್ಟರು. 1916ರ ಸೆಪ್ಟೆಂಬರ್ 15ರಂದು ಆ ಯಂತ್ರವು ಸೋಮ್ ಕದನದಲ್ಲಿ ಕಾಣಿಸಿಕೊಂಡಿತು. ಗುಟ್ಟು ರಟ್ಟಾಯಿತು, ಹೆಸರು ಮಾತ್ರ ಉಳಿಯಿತು.

ಇದು ವಿನೋದದ ಕಥೆ. ಆದರೆ ಇದೇ ಶಬ್ದವು ನಮ್ಮ ಸರ್ಕಾರದ ದಫ್ತರಗಳಲ್ಲಿ ಕೆರೆಗೂ ಹೆಸರಾಗಿ ನಿಂತುದು ವಿಚಾರಮಾಡತಕ್ಕ ಸಂಗತಿ. ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಪುಷ್ಕರಣಿ ಇವೆಲ್ಲ ಕನ್ನಡಿಗನಿಗೆ ಬೇರೆ ಬೇರೆ. ನ್ಯಾಮತಿ ತಾಲ್ಲೂಕಿನ ತೀರ್ಥರಾಮೇಶ್ವರದಲ್ಲಿ ಬೆಟ್ಟದ ಬುಗ್ಗೆಯ ನೀರು ಬೀಳುವ ಕೊಳವನ್ನು ಯಾರೂ ಕೆರೆಯೆನ್ನುವುದಿಲ್ಲ. ಇಂಗ್ಲಿಷಿನಲ್ಲಾದರೋ ಎರಡೂ ಟ್ಯಾಂಕು.

ಕೆರೆಯೆಂಬುದು ಪಾತ್ರೆಯಲ್ಲ, ಒಂದು ಸಂಸಾರ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು, ನೀರನ್ನು ಹಂಚುವ ನೀರುಗಂಟಿ, ಇವರೆಲ್ಲ ಕೂಡಿದರೆ ಕೆರೆ. ಸೂಳೆಕೆರೆಯನ್ನೇ ನೋಡಿ: ಎರಡು ಗುಡ್ಡಗಳ ನಡುವೆ ಹಾಕಿದ ಏರಿ ಹರಿದ್ರೆಯನ್ನು ತಡೆದಿದೆ, ಸಿದ್ಧ, ಬಸವ ಎಂಬ ಹೆಸರಿನ ಎರಡು ನಾಲೆಗಳು ಗದ್ದೆ ತೋಟಗಳಿಗೆ ಹರಿಯುತ್ತವೆ, ಹರಿದ್ರೆಯು ಮುಂದೆ ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ. ಮೇಲಣ ಗುಡ್ಡದ ಮಳೆಯಿಂದ ಕೆಳಗಣ ಗದ್ದೆಯ ಪೈರಿನವರೆಗೆ ಎಲ್ಲವೂ ಆ ಒಂದು ಮಾತಿನಲ್ಲಿ ಅಡಗಿದೆ.

ಪದದ ಭೇದದಿಂದ ಬಾಳಿಗೇನು ಬಾಧಕ ಎಂದು ಕೇಳುವವರು ಜಗಳೂರಿನ ಕಡೆ ನೋಡಬೇಕು. ಅದು ಮಳೆ ಕಡಿಮೆಯ ಸೀಮೆ. ಹೊನ್ನಾಳಿಯ ಮಗ್ಗುಲಲ್ಲಿ ಹರಿದುಬರುವ ತುಂಗಭದ್ರೆಯ ನೀರನ್ನು ಮುಂದೆ ಎತ್ತಿ, ಕೊಳವೆಗಳಲ್ಲಿ ಸಾಗಿಸಿ, ಆ ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆ ನಮ್ಮ ಕಾಲದ್ದು. ಬಾಯಾರಿದ ನಾಡಿಗೆ ಇದು ದೊಡ್ಡ ಉಪಕಾರ. ಇದನ್ನು ಹಳಿಯುವವನು ಕೃತಘ್ನ. ಆದರೂ ಒಂದು ಅಪಾಯವುಂಟು. ನೀರು ಕೊಳವೆಯಲ್ಲಿ ಬರುವುದೆಂದಮೇಲೆ, ಮಳೆಯ ನೀರನ್ನು ತರುವ ಹಳ್ಳವೇಕೆ, ಕಾಲುವೆಯೇಕೆ ಎಂಬ ಭಾವನೆ ಹುಟ್ಟೀತು. ಅವನ್ನು ಉತ್ತು ಹೊಲಮಾಡಿದರೆ, ಮುಚ್ಚಿ ಮನೆ ಕಟ್ಟಿದರೆ, ಕೆರೆಯು ನಿಜವಾಗಿಯೂ ಟ್ಯಾಂಕಾಗುತ್ತದೆ: ಯಾರೋ ತುಂಬಿದರೆ ತುಂಬಿತು, ಇಲ್ಲದಿದ್ದರೆ ಬರಿದು. ಪಂಪು ನಿಂತ ದಿನ ಅದಕ್ಕೆ ದಿಕ್ಕಿಲ್ಲ.

ಇಂಗ್ಲಿಷರು ನಮ್ಮಿಂದ ಒಂದು ಶಬ್ದವನ್ನು ಪಡೆದು ಪಾತ್ರೆ ಮಾಡಿಕೊಂಡರು. ಅದು ಅವರ ಅನುಕೂಲ. ಆ ಪಾತ್ರೆಯನ್ನು ಮರಳಿ ಪಡೆದು ಅದರಲ್ಲಿ ನಮ್ಮ ಕೆರೆಯನ್ನು ಅಳೆಯಬೇಕಾದ ಅಗತ್ಯ ನಮಗಿಲ್ಲ. ಮಾಳಿಗೆಯ ಮೇಲಿನದು ಟ್ಯಾಂಕೇ ಆಗಿರಲಿ. ಊರ ಮುಂದಿನದು ಕೆರೆಯಾಗಿಯೇ ಉಳಿಯಲಿ, ಮಾತಿನಲ್ಲಿಯೂ, ಅದಕ್ಕೆ ನೀರು ತರುವ ಹಳ್ಳಕಾಲುವೆಗಳ ರಕ್ಷಣೆಯಲ್ಲಿಯೂ.