ತಿರುಗುವುದರ ಲೆಕ್ಕ



ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಅದೇ ಜಾಗದಲ್ಲೀಗ ಇಸ್ರೊದ ಲಿಯೋಸ್ ಪ್ರಯೋಗಾಲಯವಿದೆ. ಅಲ್ಲಿ ನಕ್ಷತ್ರ ಸಂವೇದಕಗಳನ್ನು ಮಾಡುತ್ತಾರೆ. ಇಂಥ ಸಂವೇದಕ ತನಗೆ ಕಂಡ ಚುಕ್ಕಿಗಳನ್ನು ತನ್ನಲ್ಲಿರುವ ಪಟ್ಟಿಯೊಡನೆ ತಾಳೆ ನೋಡಿ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂದು ಲೆಕ್ಕ ಹಾಕುತ್ತದೆ. ಉತ್ತರ ಬರುವುದು ಕ್ವಾಟರ್ನಿಯನ್ ಎಂಬ ನಾಲ್ಕು ಸಂಖ್ಯೆಗಳ ಗುಂಪಾಗಿ.

ಮೂರೇ ಆಯಾಮದ ಜಗತ್ತಿಗೆ ನಾಲ್ಕು ಸಂಖ್ಯೆ ಯಾಕೆ?

ಕ್ವಾಟರ್ನಿಯನ್ನುಗಳನ್ನು 1843ರಲ್ಲಿ ಕಂಡುಹಿಡಿದವರು ಐರ್ಲೆಂಡಿನ ಹ್ಯಾಮಿಲ್ಟನ್. ಅವುಗಳ ಮೂರು ಘಟಕಗಳಲ್ಲಿ ಯಾವುದನ್ನು ವರ್ಗ ಮಾಡಿದರೂ ಮೈನಸ್ ಒಂದು ಬರುತ್ತಿತ್ತು. ಲೆಕ್ಕ ಸರಿಹೋಗುತ್ತಿತ್ತು, ಚಿತ್ರ ಮಾತ್ರ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಮರುವರ್ಷ ಜರ್ಮನಿಯ ಶಾಲಾ ಮೇಷ್ಟ್ರು ಗ್ರಾಸ್‌ಮನ್ ಬರೆದ ಪುಸ್ತಕದಲ್ಲಿ ಚಿತ್ರವಿತ್ತು, ಓದುವವರಿರಲಿಲ್ಲ. ಇವೆರಡನ್ನೂ 1878ರಲ್ಲಿ ಬೆಸೆದವರು ಇಂಗ್ಲೆಂಡಿನ ಕ್ಲಿಫರ್ಡ್. ಮರುವರ್ಷವೇ, ಮೂವತ್ತಮೂರಕ್ಕೇ, ತೀರಿಕೊಂಡರು. ಅವರು ಬಿಟ್ಟುಹೋದದ್ದೇ ಜ್ಯಾಮಿತೀಯ ಬೀಜಗಣಿತ.

ಅದಕ್ಕೆ ಕಾಗದವೇ ಬೇಡ, ಬಾಯಲ್ಲೇ ಮಾಡೋಣ. ಯಾವುದೇ ದಿಕ್ಕನ್ನು ಅದರಿಂದಲೇ ಗುಣಿಸಿದರೆ ಒಂದು. ಪೂರ್ವವನ್ನು ಉತ್ತರದಿಂದ ಗುಣಿಸಿದರೆ ಅವೆರಡರ ನಡುವಿನ ಚೌಕದ ತುಣುಕು. ಕ್ರಮ ಅದಲುಬದಲಾದರೆ ಮೈನಸ್. ಈಗ ಆ ಚೌಕವನ್ನು ವರ್ಗ ಮಾಡಿ: ಪೂರ್ವ, ಉತ್ತರ, ಪೂರ್ವ, ಉತ್ತರ. ನಡುವಿನ ಎರಡನ್ನು ಅದಲುಬದಲು ಮಾಡಿದರೆ ಒಂದು ಮೈನಸ್ ಬಂತು. ಪೂರ್ವಕ್ಕೆ ಪೂರ್ವ ಒಂದು, ಉತ್ತರಕ್ಕೆ ಉತ್ತರ ಒಂದು. ಉಳಿದದ್ದು ಮೈನಸ್ ಒಂದು! ಹ್ಯಾಮಿಲ್ಟನ್ನರ ಒಗಟಿನ ಘಟಕಗಳು ಬರಿಯ ಸಮತಲಗಳು.

ಪಿಯುಸಿಯಲ್ಲಿ ತಿರುಗುವಿಕೆಗೆ ಅಕ್ಷದುದ್ದಕ್ಕೂ ಬಾಣ ಬರೆಸುತ್ತಾರೆ. ಪೀಣ್ಯದ ಯಾವುದೇ ಲೇತ್ ನೋಡಿ. ಅದಕ್ಕೆ ಸಿಕ್ಕಿಸಿದ ಜಾಬ್, ಅಂದರೆ ಲೋಹದ ತುಂಡು, ತಿರುಗುವುದು ಅಕ್ಷಕ್ಕೆ ಅಡ್ಡವಾದ ಸಮತಲದಲ್ಲಿ. ಬಾಣದ ದಿಕ್ಕಿನಲ್ಲಿ ಅದು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಸಮತಲವನ್ನೇ ಹೆಸರಿಸುವ ಕ್ಲಿಫರ್ಡರ ದಾರಿಯೇ ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಇನ್ನು ಆ ನಾಲ್ಕರ ಪ್ರಶ್ನೆ. ಎರಡು ಕನ್ನಡಿಗಳಲ್ಲಿ ಒಂದಾದ ಮೇಲೊಂದರಂತೆ ಪ್ರತಿಫಲಿಸಿದ ವಸ್ತು ತಿರುಗಿದಂತಾಗುತ್ತದೆ, ಕನ್ನಡಿಗಳ ನಡುವಿನ ಕೋನದ ಇಮ್ಮಡಿ. ಆ ಕನ್ನಡಿಗಳ ಮುಖ ನೋಡುವ ದಿಕ್ಕುಗಳೆರಡನ್ನೂ ಗುಣಿಸಿದರೆ ಒಂದು ಸಾದಾ ಸಂಖ್ಯೆ, ಜೊತೆಗೆ ಒಂದು ಸಮತಲದ ಭಾಗ ಸಿಗುತ್ತವೆ. ನಮ್ಮ ಜಗತ್ತಿನಲ್ಲಿ ಒಂದಕ್ಕೊಂದು ಲಂಬವಾದ ಸಮತಲಗಳು ಮೂರು, ಹಾಗಾಗಿ ಆ ಭಾಗಕ್ಕೆ ಮೂರು ಸಂಖ್ಯೆ ಬೇಕು. ಒಂದು ಕೂಡಿಸು ಮೂರು.

1966ರಲ್ಲಿ ಅಮೆರಿಕದ ಹೆಸ್ಟೆನಿಸ್ ಈ ಭಾಷೆಯನ್ನು ಭೌತವಿಜ್ಞಾನಕ್ಕೆ ಮರಳಿ ತಂದರು. ವಿದ್ಯುತ್ಕಾಂತೀಯತೆಯ ಕುರಿತ ಮ್ಯಾಕ್ಸ್‌ವೆಲ್ಲರ ನಾಲ್ಕು ಸಮೀಕರಣಗಳು ಇದರಲ್ಲಿ ಒಂದೇ ಸಾಲು. ಹೊಸ ಭೌತನಿಯಮವೇನೂ ಇದರಿಂದ ಹುಟ್ಟಲಿಲ್ಲ, ಅದು ಬೇರೆ ಮಾತು.

ಕನ್ನಡಿಗಳ ಆ ಇಮ್ಮಡಿಯ ಲೆಕ್ಕದಲ್ಲಿ ಎಂಜಿನಿಯರುಗಳು ಎಚ್ಚರ ತಪ್ಪುವಂತಿಲ್ಲ. ಒಂದು ಕನ್ನಡಿ 180 ಡಿಗ್ರಿ ತಿರುಗಿದರೆ ವಸ್ತು 360 ಸುತ್ತಿ ಮೊದಲಿನ ಭಂಗಿಗೇ ಬರುತ್ತದೆ, ಆದರೆ ನಾಲ್ಕೂ ಸಂಖ್ಯೆಗಳ ಚಿಹ್ನೆ ಬದಲಾಗಿರುತ್ತದೆ. ಸಂಖ್ಯೆಗಳ ಈ ಎರಡೂ ಗುಂಪುಗಳು ಒಂದೇ ಭಂಗಿಯೆಂದು ಪ್ರೋಗ್ರಾಮಿಗೆ ಹೇಳಿಕೊಡದಿದ್ದರೆ, ಐದು ಡಿಗ್ರಿ ತಿರುಗಿದರೆ ಸಾಕಿದ್ದ ಉಪಗ್ರಹ 355 ಡಿಗ್ರಿ ಸುತ್ತಿಕೊಂಡು ಬರಬಹುದು.