ಔಷಧವನ್ನು ಹೊರುವ ಪಾಲಿಮರುಗಳು

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮನೆಯ ಹಿರಿಯರಿಗೆ ಮಾತ್ರೆ ನುಂಗುವುದು ಕಷ್ಟವಾದರೆ ಅದನ್ನು ಕುಟ್ಟಿ ಪುಡಿಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಡುವುದುಂಟು. ಪ್ರೀತಿಯಿಂದ ಮಾಡುವ ಈ ಕೆಲಸವೇ ಕೆಲವು ಮಾತ್ರೆಗಳ ವಿಷಯದಲ್ಲಿ ಅಪಾಯಕ್ಕೆ ಕಾರಣವಾಗಬಲ್ಲದು. ಅಂಥ ಮಾತ್ರೆಯಲ್ಲಿ ಔಷಧದ ಜೊತೆಗೆ, ಅದನ್ನು ಹೊತ್ತು ತಕ್ಕ ಸ್ಥಳದಲ್ಲಿ ತಕ್ಕ ವೇಳೆಗೆ ಇಳಿಸುವ ವಾಹಕವೊಂದೂ ಇರುತ್ತದೆ. ಆ ವಾಹಕದ ವಿಚಾರವಾಗಿ ಇಂದು ನಾವು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಕೂಡಿ ಆದ ದೀರ್ಘ ಅಣುವಿಗೆ ಪಾಲಿಮರ್ ಎಂದು ಹೆಸರು. ಹತ್ತಿ, ರೇಷ್ಮೆಗಳಲ್ಲಿರುವುದು ಪ್ರಕೃತಿ ನಿರ್ಮಿಸಿದ ಪಾಲಿಮರ್. ನೈಲಾನ್, ಪಾಲಿಥೀನ್‌ಗಳು ಮನುಷ್ಯ ನಿರ್ಮಿಸಿದವು. ಇಂಥ ದೀರ್ಘ ಸರಪಳಿಗಳುಂಟೆಂದು ಜರ್ಮನಿಯ ಹೆರ್ಮನ್ ಸ್ಟಾಡಿಂಗರ್ 1920ರಲ್ಲಿ ಪ್ರತಿಪಾದಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಕೆಲವು ಮಾತ್ರೆಗಳ ಮೇಲಿರುವ ಕೃತಕ ಪಾಲಿಮರಿನ ತೆಳು ಪೊರೆಯು ಜಠರದ ಆಮ್ಲದಲ್ಲಿ ಕರಗದೆ, ಆಮ್ಲತೆ ಕಡಿಮೆಯಾದ ಕರುಳನ್ನು ಸೇರಿದ ಬಳಿಕವೇ ಕರಗುತ್ತದೆ. ಬೇರೆ ಕೆಲವುಗಳಲ್ಲಿ ಪಾಲಿಮರು ಔಷಧವನ್ನು ಹಿಡಿದಿಟ್ಟುಕೊಂಡು 12 ಅಥವಾ 24 ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಅದನ್ನು ಕುಟ್ಟಿದರೆ ದಿನವಿಡೀ ಸಲ್ಲಬೇಕಾದ ಪ್ರಮಾಣವು ಒಮ್ಮೆಲೇ ರಕ್ತವನ್ನು ಸೇರಬಹುದು.

ಶರೀರದೊಳಗೇ ಇಟ್ಟು ಬಹುಕಾಲ ಔಷಧ ಒದಗಿಸುವುದು ಸಾಧ್ಯವೆ? 1964ರಲ್ಲಿ ಅಮೆರಿಕದ ಜೂಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್ ಎಂಬ ವೈದ್ಯರು ಸಿಲಿಕೋನ್ ರಬ್ಬರಿನ ಮೂಲಕ ಕೆಲವು ಔಷಧಗಳು ಮೆಲ್ಲನೆ ಹೊರಬರುವುದನ್ನು ತೋರಿಸಿದರು. ಪ್ರೋಟೀನಿನಂಥ ದೊಡ್ಡ ಅಣುಗಳಿಗೆ ಇದು ಅಸಾಧ್ಯವೆಂಬುದು ಅಂದಿನ ನಂಬಿಕೆಯಾಗಿತ್ತು. 1976ರಲ್ಲಿ ರಾಬರ್ಟ್ ಲ್ಯಾಂಗರ್, ಫೋಕ್‌ಮನ್‌ರೊಡಗೂಡಿ, ಆ ನಂಬಿಕೆಯನ್ನು ಸುಳ್ಳುಮಾಡಿದರು.

ಆದರೆ ಹೊರೆ ಇಳಿಸಿದ ಮೇಲೆ ವಾಹಕದ ಗತಿಯೇನು? ಶರೀರದಲ್ಲಿ ಕರಗದ ವಸ್ತುವಾದರೆ ಅದನ್ನು ತೆಗೆಯಲು ಮತ್ತೆ ಶಸ್ತ್ರಚಿಕಿತ್ಸೆ ಬೇಕಾದೀತು. ಇದಕ್ಕೆ ಪರಿಹಾರವು ಶಸ್ತ್ರವೈದ್ಯರ ದಾರದಲ್ಲಿ ದೊರೆಯಿತು. ತಾನಾಗಿ ಕರಗುವ ಹೊಲಿಗೆಯನ್ನು ತಾವೆಲ್ಲ ಕೇಳಿದ್ದೀರಷ್ಟೆ? ಅಂಥ ದಾರಕ್ಕೆ ಬಳಸುವ ಒಂದು ಪಾಲಿಮರು ಪಿ.ಎಲ್.ಜಿ.ಎ. ಹಾಲು ಮೊಸರಾಗುವಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಮತ್ತು ಕಬ್ಬಿನಲ್ಲಿ ದೊರೆಯುವ ಗ್ಲೈಕಾಲಿಕ್ ಆಮ್ಲ ಇವೇ ಅದರ ಕೊಂಡಿಗಳು. ಶರೀರದ ನೀರು ಈ ಕೊಂಡಿಗಳನ್ನು ಕ್ರಮವಾಗಿ ಬಿಡಿಸುತ್ತದೆ. ಕಟ್ಟಕಡೆಗೆ ಉಳಿಯುವುದು ನೀರು ಮತ್ತು ಇಂಗಾಲದ ಡೈಆಕ್ಸೈಡು. ಈ ಬಗೆಯ ಪಾಲಿಮರಿನ ಸೂಕ್ಷ್ಮ ಗುಂಡುಗಳಲ್ಲಿ ಔಷಧವನ್ನು ತುಂಬಿ, ತಿಂಗಳಿಗೊಮ್ಮೆ ಚುಚ್ಚಿದರೆ ಸಾಕಾಗುವ ಮದ್ದೊಂದಕ್ಕೆ 1989ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ನೀಡುವ ಮದ್ದು.

ವಂಶವಾಹಿಯನ್ನು, ಎಂದರೆ ಜೀನನ್ನು, ಜೀವಕೋಶದೊಳಕ್ಕೆ ಸಾಗಿಸುವುದು ಇನ್ನೂ ಕಠಿಣವಾದ ಕಾರ್ಯ. ಡಿ.ಎನ್.ಎ.ಗೆ ಋಣ ವಿದ್ಯುದಂಶವಿದೆ. ಕೋಶದ ಹೊರಮೈಯೂ ಋಣವೇ. ಆದುದರಿಂದ ಅವೆರಡೂ ತಾವಾಗಿ ಕೂಡವು. 1995ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಧನ ವಿದ್ಯುದಂಶವುಳ್ಳ ಪಾಲಿಎಥಿಲೀನ್‌ಇಮೀನ್ ಎಂಬ ಪಾಲಿಮರಿನಿಂದ ಡಿ.ಎನ್.ಎ.ಯನ್ನು ಉಂಡೆಕಟ್ಟಿ ಕೋಶದೊಳಕ್ಕೆ ಸೇರಿಸಿದರು. ಆದರೆ ಜೀನನ್ನು ಬಿಗಿಹಿಡಿಯುವ ಆ ಧನ ವಿದ್ಯುದಂಶವೇ ಕೋಶದ ಪೊರೆಯನ್ನೂ ಘಾಸಿಗೊಳಿಸುತ್ತದೆ. ಗುಣವೇ ದೋಷವೂ ಆದ ಈ ತೊಡಕು ಇನ್ನೂ ಪೂರ್ಣವಾಗಿ ಬಿಡಿಸಲ್ಪಟ್ಟಿಲ್ಲ. 2020ರಲ್ಲಿ ಬಂದ ಎಂ.ಆರ್.ಎನ್.ಎ. ಕೋವಿಡ್ ಲಸಿಕೆಗಳಲ್ಲಿ ಮುಖ್ಯ ವಾಹಕವು ಕೊಬ್ಬಿನ ಜಾತಿಯ ಕಣಗಳು, ಪಿ.ಇ.ಜಿ. ಎಂಬ ಪಾಲಿಮರು ಅವುಗಳ ಹೊರಮೈಗೆ ಹೊಂದಿಕೊಂಡು, ಅವು ಒಂದಕ್ಕೊಂದು ಅಂಟದಂತೆ ಕಾಯುತ್ತದೆ.

ಹೊರೆಯನ್ನು ಜೋಪಾನವಾಗಿ ಹೊರಬೇಕು, ವೇಳೆಯರಿತು ಇಳಿಸಬೇಕು, ಬಳಿಕ ಕೇಡು ಮಾಡದೆ ತಾನು ಹೊರಟುಹೋಗಬೇಕು. ಉತ್ತಮ ವಾಹಕದ ಲಕ್ಷಣ ಇದು. ಮೂರೂ ಒಂದರಲ್ಲೇ ಕೂಡುವುದು ದುರ್ಲಭ.

ಪೋಷಕರಲ್ಲಿ ನಮ್ಮದೊಂದು ವಿನಂತಿ: ವೈದ್ಯರನ್ನೋ ಔಷಧದಂಗಡಿಯವರನ್ನೋ ಕೇಳದೆ ಯಾವ ಮಾತ್ರೆಯನ್ನೂ ಕುಟ್ಟಬೇಡಿರಿ, ಮುರಿಯಬೇಡಿರಿ. ನುಂಗಲು ಕಷ್ಟವೆಂದರೆ ಅವರು ಬೇರೆ ರೂಪದ ಔಷಧವನ್ನು ಸೂಚಿಸಬಹುದು. ಕನ್ನಡದಲ್ಲಿ ಓದಿದ ಮಕ್ಕಳಿಗೆ ವಿಜ್ಞಾನ ದಕ್ಕೀತೆ ಎಂದು ತಮ್ಮಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಸರಪಳಿ, ಕೊಂಡಿ, ಪೊರೆ, ಉಂಡೆ, ಹೊರೆ ಎಂಬ ಮನೆಮಾತುಗಳಿಂದಲೇ ಇಂದಿನ ವಿಷಯವನ್ನು ಇಷ್ಟು ದೂರ ತಂದಿದ್ದೇವೆ. ವಿದ್ಯಾರ್ಥಿಗಳೆ, ಉಳಿದ ದೂರವನ್ನು ಕ್ರಮಿಸುವವರು ನೀವಾಗಬೇಕೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.